ಹಿಡಿದ ಡಬ್ಬಿ ಬಿಡದ ಫೋನುಗಳು

ಏಣಿ ಹತ್ತಿ ಕೆಲಸ ಮಾಡುವವರಿಗೆ ಬೀಳುವ ಭಯ ಇರುತ್ತದಂತೆ. ನನಗೆ ಕೆಳಗೆ ನಿಂತು ಸಲಹೆ ಕೊಡುವವರ ಭಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ನಾನು ವೈಫೈ ಕೂಡಿಸುತ್ತೇನೆ. ಕೂಡಿಸಿದ್ದು ಕೆಟ್ಟರೆ ರಿಪೇರಿ ಮಾಡುತ್ತೇನೆ. ಕೆಡದೇ ಇದ್ದರೂ ಕೆಟ್ಟಿದೆ ಎಂದು ಫೋನ್ ಬಂದರೆ ಬಸ್ಸು ಹತ್ತುತ್ತೇನೆ. ಹೀಗಾಗಿ ನಗುವಂಥದ್ದು ಏನೂ ನಡೆಯದ ವಾರ ನನ್ನ ಪಾಲಿಗೆ ಇನ್ನೂ ಬಂದಿಲ್ಲ. ನಡೆಯುವಾಗ ನನಗೆ ನಗು ಬರುವುದಿಲ್ಲ, ಆ ಮಾತು ಬೇರೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ದೊಡ್ಡ ಮನೆಗೋ ಅಂಗಡಿಗೋ ಒಂದು ವೈಫೈ ಡಬ್ಬಿ ಸಾಲುವುದಿಲ್ಲ. ಅಲ್ಲಲ್ಲಿ ನಾಲ್ಕಾರು ಬಿಳಿ ಡಬ್ಬಿಗಳನ್ನು ಛಾವಣಿಗೆ ಹಚ್ಚಬೇಕು. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಯಾವ ಫೋನು ಯಾವ ಡಬ್ಬಿಯನ್ನು ಹಿಡಿದಿದೆ ಎಂದು ನಾನು ಮನೆಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಬಹುದು. ನೀವು ಮಾತಾಡುತ್ತಾ ನಡೆದು ಹೋದಂತೆ ನಿಮ್ಮ ಫೋನು ಹಿಂದಿನ ಡಬ್ಬಿಯನ್ನು ಬಿಟ್ಟು ಮುಂದಿನದನ್ನು ಹಿಡಿಯಬೇಕು, ನಿಮಗೆ ಗೊತ್ತೇ ಆಗಬಾರದು. ಆದರೆ ಯಾವಾಗ ಬಿಡಬೇಕು ಎಂದು ನಿರ್ಧರಿಸುವುದು ಡಬ್ಬಿಯೂ ಅಲ್ಲ, ನಾನೂ ಅಲ್ಲ, ಫೋನು. ಅದರ ಸ್ವಭಾವವೋ, "ಬರ್ತೇವ್ರಿ" ಎಂದು ಎದ್ದ ನೆಂಟರು ಹೊಸ್ತಿಲಲ್ಲಿ ನಿಂತು ಇನ್ನರ್ಧ ತಾಸು ಮಾತಾಡುವ ಹಾಗೆ. ನೆತ್ತಿಯ ಮೇಲೆ ಹೊಸ ಡಬ್ಬಿ ಇದ್ದರೂ ಹಿಂದಿನದಕ್ಕೇ ಜೋತುಬಿದ್ದಿರುತ್ತದೆ.

ಫೋನಿನ ಈ ಸ್ವಭಾವದಿಂದಾಗಿ ಹೋದ ವರ್ಷ ನನ್ನ ಅನ್ನಕ್ಕೇ ಕುತ್ತು ಬಂದಿತ್ತು. ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರೊಬ್ಬರಿಗೆ ನಾನು ವೈಫೈ ಕೂಡಿಸಿ ಕೊಟ್ಟಿದ್ದೆ. ಮುಂದೆ ಅಂಗಡಿ, ಹಿಂದೆ ಮನೆ, ಎರಡರ ನಡುವೆ ತಗಡು ಹೊದಿಸಿದ ಉದ್ದನೆಯ ಹಾದಿ. ಆ ಹಾದಿಯಲ್ಲಿ ಕಾಲಿಟ್ಟರೆ ಸಾಕು, ಅವರ ಕಾಲ್ ಕಟ್ ಆಗುತ್ತಿತ್ತು. ಅವರು ಒಂದೇ ಮಾತು ಹೇಳಿದರು. "ತಂಗಿ, ಹೊಸಾ ಕಾಯಿ ಬರೂದ್ರೊಳಗ ಇದು ನೆಟ್ಟಗಾಗಬೇಕು. ಇಲ್ಲಾಂದ್ರ ಎಲ್ಲಾ ಡಬ್ಬಿ ಇಳಿಸಿ ಹುಬ್ಬಳ್ಳಿಯವ್ರಿಗೆ ಹೇಳ್ತೇನಿ."

ಅವರೊಬ್ಬರು ಬಿಟ್ಟರೆ ಬ್ಯಾಡಗಿ ಪೇಟೆಯೇ ನನ್ನನ್ನು ಬಿಡುತ್ತದೆ. ಆಮೇಲೆ ಉಳಿಯುವುದು ಹಾವೇರಿ ಕೋರ್ಟಿನ ಎದುರಿಗಿರುವ ನನ್ನ ಮೈದುನನ ಝೆರಾಕ್ಸ್ ಅಂಗಡಿ. ಮದುವೆಯಾದ ಹೊಸದರಲ್ಲಿ ನಾನು ಅಲ್ಲಿ ಕೂತಿದ್ದವಳೇ. ಬೆಳಗಿನಿಂದ ಸಂಜೆಯವರೆಗೆ ಆಧಾರ್ ಕಾರ್ಡಿನ ಎರಡೂ ಬದಿ ಒಂದೇ ಹಾಳೆಯಲ್ಲಿ ಬರುವಂತೆ ಮಾಡುವುದೇ ಅಲ್ಲಿ ಜೀವನ. ಅತ್ತೆಯವರಿಗೆ ಮಾತ್ರ ಅದೇ ಮರ್ಯಾದೆಯ ಕೆಲಸ. "ನೆಳ್ಳಾಗ ಕುಂತ ಮಾಡೂದು ಬಿಟ್ಟು, ಮಂದಿ ಮನಿ ಮಾಳಗಿ ನೋಡ್ಕೊಂತ ತಿರಗತಾಳ" ಎಂದು ಗಳಗನಾಥದ ಗುಡಿಗೆ ಹೋಗಿ ನನ್ನ ಹೆಸರಿನಲ್ಲಿ ಹರಕೆಯನ್ನೂ ಹೊತ್ತು ಬಂದಿದ್ದರು. ದೇವರು ಯಾರ ಕಡೆ ಎಂಬುದು ಹೊಸ ಕಾಯಿ ಬರುವುದರೊಳಗೆ ಗೊತ್ತಾಗಬೇಕಿತ್ತು.

ರಿಲೀವ್ ಆಗದೆ ಜಾಯಿನ್ ಇಲ್ಲ

ಅದೇ ದಿನಗಳಲ್ಲಿ ಹಾವೇರಿಯ ಒಂದು ಕಚೇರಿಯಿಂದ ಕರೆ ಬಂತು. ಅಲ್ಲಿನ ಹೆಡ್ ಕ್ಲರ್ಕ್ ಸಾಹೇಬರನ್ನು ಕೆಳಗಿನ ವಿಭಾಗದಿಂದ ಮೇಲಿನ ಮಹಡಿಯ ವಿಭಾಗಕ್ಕೆ ಹಾಕಿದ್ದರು. ನಾನು ಹೋಗುವಷ್ಟರಲ್ಲಿ ಅವರು ಸಿಟ್ಟಿನಲ್ಲೇ ಕೂತಿದ್ದರು.

"ಬಾಯಾರ, ನಾ ಮ್ಯಾಲ ಬಂದು ವಾರಾತು. ನೆಟ್ ಬರಾವಲ್ದು. ನೆತ್ತಿ ಮ್ಯಾಲ ಡಬ್ಬಿ ಐತಿ, ದೀಪಾನೂ ಹತ್ತೈತಿ. ಮತ್ತೇನು ಇದಕ್ಕ ರೋಗ?"

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಸಾಹೇಬರ ಫೋನು ಇನ್ನೂ ಕೆಳಗಿನ ಮಹಡಿಯ ಡಬ್ಬಿಯನ್ನೇ ಹಿಡಿದಿತ್ತು. ಮೆಟ್ಟಿಲ ಸಂದಿಯಿಂದ ಬರುವ ಒಂದು ಎಳೆ ಸಿಗ್ನಲ್ಲಿನ ಮೇಲೆ ಒಂದು ವಾರ ಕಾಲ ಕಳೆದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಅಂದ್ರ ನಾ ಮ್ಯಾಲ ಬಂದದ್ದು ಫೋನಿಗೆ ಗೊತ್ತಿಲ್ಲ?"

"ಗೊತ್ತೈತ್ರಿ. ಹಳೇದನ್ನ ಬಿಡಾಕ ಮನಸಿಲ್ಲ."

"ಕೆಳಗಿನ ಡಬ್ಬಿ ಏನಂತೈತಿ? ಅದು ಬಿಟ್ಟುಕೊಟ್ಟೈತೇನು?"

"ಇಲ್ರಿ, ಅದೂ ಇಟ್ಕೊಂಡ ಕುಂತೈತಿ."

ಸಾಹೇಬರ ಸಿಟ್ಟು ಇಳಿದುಹೋಯಿತು. ಫೋನನ್ನು ಕೈಗೆತ್ತಿಕೊಂಡು ಅದರ ಬೆನ್ನು ಸವರಿದರು. "ಹಂಗಾದ್ರ ಇದರ ತಪ್ಪು ಏನೂ ಇಲ್ರಿ. ಹಳೇ ಕಡೆಯವ್ರು ರಿಲೀವ್ ಮಾಡದ ಹೊಸಾ ಕಡೆ ಜಾಯಿನ್ ಆಗೂದು ಹ್ಯಾಂಗ? ಇಷ್ಟ ವರ್ಷ ನನ್ನ ಕಿಸೇದಾಗ ಇದ್ದು ಇದಕ್ಕೂ ರೂಲ್ಸ್ ಗೊತ್ತಾಗ್ಯಾವ."

ನಗು ತಡೆದುಕೊಂಡು ನಾನು ಕೆಳಗಿನ ಡಬ್ಬಿಗೆ ಒಂದು ನಿಯಮ ಹಾಕಿದೆ. ಯಾವ ಫೋನಿನ ಸಿಗ್ನಲ್ ತೀರಾ ಇಳಿಯುತ್ತದೋ ಅದನ್ನು ಡಬ್ಬಿಯೇ ಕೈಬಿಡಬೇಕು. ಹಾಕಿದ ಕ್ಷಣವೇ ಸಾಹೇಬರ ಫೋನು ಮೇಲಿನ ಡಬ್ಬಿಗೆ ಬಂತು. ನೆಟ್ ಜೋರಾಗಿ ಓಡತೊಡಗಿತು. "ಈಗ ಕೆಳಗಿಂದು ರಿಲೀವ್ ಮಾಡ್ತ್ರಿ, ಮ್ಯಾಲಿಂದು ಜಾಯಿನ್ ಮಾಡ್ಕೊಂತು" ಎಂದೆ.

"ನಡುವ ಜಾಯಿನಿಂಗ್ ಟೈಮ್ ಎಷ್ಟ ದಿನ ಕೊಟ್ರಿ?"

"ಒಂದ ಸೆಕೆಂಡೂ ಇಲ್ರಿ."

ಸಾಹೇಬರಿಗೆ ನಿಜವಾಗಿಯೂ ಕೆಟ್ಟದೆನಿಸಿತು. "ಪಾಪ, ಮನಿ ಸಾಮಾನ ಸಾಗಸೂದು ಹ್ಯಾಂಗ ಅದು?"

ದಬ್ಬುವ ಡಬ್ಬಿ, ನಿಲ್ಲದ ಅತ್ತೆ

ಹಾವೇರಿಯಲ್ಲಿ ನಡೆದ ಉಪಾಯ ಬ್ಯಾಡಗಿಯಲ್ಲೂ ನಡೆಯುತ್ತದೆ ಎಂದು ಮಾರನೆಯ ದಿನವೇ ಬಸ್ಸು ಹತ್ತಿದೆ. ಅಲ್ಲಿನ ಪೇಟೆಯ ಒಂದು ಪದ್ಧತಿ ನಾನು ಮರೆತಿದ್ದೆ. ಹೆಡ್ ಕ್ಲರ್ಕ್ ಕೂತಲ್ಲೇ ಕೂರುವ ಮನುಷ್ಯ. ಬ್ಯಾಡಗಿಯ ಸಾಹುಕಾರರು ಹಾಗಲ್ಲ. ಫೋನು ಕಿವಿಗೆ ಬಂತೆಂದರೆ ಕಾಲು ತಾನಾಗಿ ಏಳುತ್ತದೆ. ಗಾದಿಯ ಮೇಲೆ ಕೂತು "ಹಲೋ" ಅಂದವರು ರೇಟು ಹೇಳುವಷ್ಟರಲ್ಲಿ ಚೀಲಗಳ ನಡುವೆ ಇರುತ್ತಾರೆ, ವ್ಯವಹಾರ ಮುಗಿಯುವಷ್ಟರಲ್ಲಿ ಮನೆಯ ಹಿತ್ತಲಲ್ಲಿ.

ಅಂಗಡಿಯಲ್ಲಿ ಒಂದು ಡಬ್ಬಿ, ಮನೆಯಲ್ಲಿ ಒಂದು. ಅಂಗಡಿಯ ಡಬ್ಬಿಗೆ ಕೈಬಿಡುವ ನಿಯಮ ಹಾಕಿದೆ. ಸಾಹುಕಾರರು ಯಾರಿಗೋ ವೈಫೈಯಲ್ಲಿ ಕಾಲ್ ಮಾಡಿ ಮಾತಾಡುತ್ತಾ ತಗಡಿನ ಹಾದಿಗೆ ಇಳಿದರು. ಡಬ್ಬಿ ನಿಯಮ ಪಾಲಿಸಿತು. ಮಾತಿನ ನಡುವೆಯೇ ಅವರನ್ನು ಕೈಬಿಟ್ಟಿತು. ಮನೆಯ ಡಬ್ಬಿ "ಯಾರು ನೀವು, ಪಾಸ್‌ವರ್ಡ್ ಏನು" ಎಂದು ಮೊದಲಿನಿಂದ ಎಲ್ಲಾ ವಿಚಾರಿಸಿ ಒಳಗೆ ಬಿಟ್ಟುಕೊಳ್ಳುವಷ್ಟರಲ್ಲಿ ಕಾಲ್ ಸತ್ತಿತ್ತು.

ಅವರು ಹಾದಿಯಿಂದ ತಿರುಗಿ ಬಂದ ರಭಸಕ್ಕೆ, ಡಬ್ಬಿಯ ದೀಪ ನೋಡಲು ಏಣಿ ಹತ್ತಿದ್ದ ನಾನು ಇನ್ನೊಂದು ಮೆಟ್ಟಿಲು ಮೇಲೇರಿದೆ. "ಏ ತಂಗಿ! ಮೊದಲು ತಾನ ಕಟ್ ಆಗ್ತಿತ್ತು. ಈಗ ನಿನ್ನ ಡಬ್ಬಿ ನನ್ನ ಹೆಗಲ ಹಿಡದು ಹೊರಗ ದಬ್ಬಾಕತ್ತೈತಲ್ಲ!"

ಆ ನಿಯಮ ತೆಗೆದೆ. ಇನ್ನೊಂದು ದಾರಿ ಇತ್ತು. ಅಂಗಡಿಯ ಡಬ್ಬಿಯ ಜೋರು ಕಡಿಮೆ ಮಾಡಿದರೆ ಫೋನು ತಾನಾಗಿ ಬೇಗ ಬೇಸತ್ತು ಮುಂದಿನದನ್ನು ಹುಡುಕುತ್ತದೆ. ಹಾಗೆಂದು ಹೇಳಿದೆ. ಹೇಳಬಾರದಿತ್ತು.

"ಕಮ್ಮಿ ಮಾಡ್ತೀ? ಕಮ್ಮಿ ಮಾಡಾಕ ನಿನ್ನ ಕರಸೀನೇನು? ಸಾರಿಗೆ ಖಾರ ಸಾಲಲಿಲ್ಲ ಅಂದ್ರ ಕಾಯಿ ಹಾಕ್ತಾರೋ ತಗೀತಾರೋ?"

ಬಾಯಿಮಾತಿನಿಂದ ಆಗುವುದಿಲ್ಲ ಎಂದು ಜೋರು ಇಳಿಸಿ, ಅವರ ಎದುರೇ ಪರೀಕ್ಷೆ ಮಾಡಿ ತೋರಿಸಲು ಹೊರಟೆ. ಕಾಲ್ ಎಲ್ಲಿ ಕಟ್ ಆಗುತ್ತದೆ ಎಂದು ಸರಿಯಾಗಿ ಗೊತ್ತಾಗಬೇಕಾದರೆ ಆ ಕಡೆಯವರು ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿರಬೇಕು. ಅಂಥವರು ನನಗೆ ಗೊತ್ತಿರುವುದು ಒಬ್ಬರೇ. ಹಾವೇರಿಗೆ, ಅತ್ತೆಯವರಿಗೆ ಕಾಲ್ ಹಚ್ಚಿ, "ಅತ್ತೀ, ಮುಂಜಾನಿಂದ ಏನೇನಾತು ಹೇಳ್ರಿ" ಅಂದೆ. ಸ್ಪೀಕರ್ ಹಾಕಿ ನಡೆಯತೊಡಗಿದೆ. ಸಾಹುಕಾರರು ಹಿಂದಿನಿಂದ ಬಂದರು. ಎರಡೂ ಬದಿಯಲ್ಲಿ ಸೂರಿನವರೆಗೆ ಒಟ್ಟಿದ ಮೆಣಸಿನಕಾಯಿ ಚೀಲ, ನನಗೆ ಹೆಜ್ಜೆಗೊಂದು ಸೀನು.

ಅತ್ತೆ ನಲ್ಲಿಯ ನೀರು ಬಂದದ್ದರಿಂದ ಶುರು ಮಾಡಿದರು. ಹಾಲಿನವನು ನೀರು ಬೆರೆಸಿದ್ದಕ್ಕೆ ಬರುವಾಗ ಸದ್ದು ನಿಂತಿತು. ಜೋರು ಕಡಿಮೆ ಮಾಡಿದ್ದರಿಂದ ಮೊದಲಿಗಿಂತ ಬೇಗ ಫೋನು ಮನೆಯ ಡಬ್ಬಿ ಹಿಡಿಯಿತು, ಆದರೆ ಕಾಲ್ ಹೋಗಿತ್ತು. ಮತ್ತೆ ಹಚ್ಚಿದೆ. ಆ ಕಡೆ ಎತ್ತಿದ ಕೂಡಲೇ "...ಅದಕ್ಕ ನಾ ಅಂದೆ, ನಾಳಿಂದ ನಿನ್ನ ಹಾಲು ಬ್ಯಾಡ" ಎಂದು ಮುಂದುವರಿಯಿತು. ನಾನು ನಡುವೆ ಇರಲಿಲ್ಲ ಎಂಬುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಇನ್ನೆರಡು ಸಲ ಮಾಡಿದರೂ ಅಷ್ಟೇ, ಕಾಲ್ ಕಟ್ ಆಗುತ್ತಿತ್ತು, ಅತ್ತೆ ಆಗುತ್ತಿರಲಿಲ್ಲ.

ಸಾಹುಕಾರರು ನಿಂತು ಕೇಳಿದರು. ಸಿಟ್ಟು ಹೋಗಿ ಮುಖದಲ್ಲಿ ಭಕ್ತಿ ಬಂದಿತ್ತು. "ತಂಗಿ, ಆ ಡಬ್ಬಿ ಇಳಿಸಿ ಇವರನ್ನ ಕೂಡ್ಸಿ ಹೋಗು."

ಅಮ್ಮಾರು ಮೇಲೆ ಹತ್ತಿದ್ದು

ಬ್ಯಾಡಗಿಯ ಕೆಲಸ ಹಾಗೇ ಕೊಳೆಯುತ್ತಿರುವಾಗ ಖಂಡೇಪೂಜೆ ಬಂತು. ಆ ದಿನ ನಮ್ಮ ಕಡೆ ತಕ್ಕಡಿಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದುಡಿಯುವ ಸಾಮಾನೆಲ್ಲಕ್ಕೂ ಪೂಜೆ. ರಾಣೆಬೆನ್ನೂರಿನಲ್ಲಿ ನಾನು ನೋಡಿಕೊಳ್ಳುವ ಒಂದು ಸೀರೆ ಅಂಗಡಿ ಇದೆ, ನೆಲಮಹಡಿ ಬಿಟ್ಟು ಮೇಲೆ ಮೂರು ಮಹಡಿ. ಅಂಗಡಿಯ ಮಾಲೀಕರ ತಾಯಿ ದಿನವೂ ಬಂದು ಕೆಳಗೆ ದುಡ್ಡಿನ ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮೊಣಕಾಲು ನೋವು, ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಗಿದೆ. ಫೋನಿನಲ್ಲಿ ಭಜನೆ ಕೇಳುತ್ತಾ ಬಂದವರಿಗೆ ಸೀರೆಯ ಸೆರಗು ತೋರಿಸುವುದು ಅವರ ಕೆಲಸ.

ಪೂಜೆಯ ಮರುದಿನ ನಾನು ಹಾವೇರಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಆ ಅಂಗಡಿಯ ಸ್ಥಿತಿ ನೋಡಿದೆ. ಅಮ್ಮನವರ ಫೋನು ಮೂರನೇ ಮಹಡಿಯ ಡಬ್ಬಿಯಲ್ಲಿತ್ತು. ಫೋನು ಹಳೆಯ ಡಬ್ಬಿಗೆ ಜೋತುಬೀಳುತ್ತದೆ ಎನ್ನಲು ಅವರು ಮೇಲೆ ಹೋದವರೇ ಅಲ್ಲವಲ್ಲ. ಮಾಲೀಕರಿಗೆ ಫೋನ್ ಮಾಡಿದೆ.

"ಅಣ್ಣಾರ, ಅಮ್ಮಾರು ಎಲ್ಲಿ ಅದಾರ್ರಿ?"

ಅವರು ಎಲ್ಲೋ ಪೇಟೆಯಲ್ಲಿದ್ದರು. "ಅಂಗಡ್ಯಾಗ ಅದಾರ. ಯಾಕ್ರಿ?"

"ಮೂರನೇ ಮಹಡ್ಯಾಗ ಕಾಣಸ್ತಾರಲ್ರಿ!"

ಮುಂದಿನದನ್ನು ಅಂಗಡಿಯವರು ಆಮೇಲೆ ಹೇಳಿದರು. ಮಾಲೀಕರು ಅಂಗಡಿಗೆ ಫೋನ್ ಮಾಡಿ "ಅವ್ವ ಮ್ಯಾಲ ಹತ್ಯಾಳಂತ, ಓಡ್ರಿ!" ಎಂದು ಕೂಗಿದರಂತೆ. ಕೂಗಿದ್ದೇ ತಡ, ಸೇಲ್ಸ್‌ನವರು, ಟೇಲರ್, ಕಾವಲಿನವನು ಎಲ್ಲರೂ ಮೂರನೇ ಮಹಡಿಗೆ ಓಡಿದರು. ಸೀರೆ ಕಟ್ಟುಗಳ ಹಿಂದೆ, ಬಟ್ಟೆ ಹಾಕಿ ನೋಡುವ ಕೋಣೆಯೊಳಗೆ, ನೀರಿನ ಟಾಕಿಯ ಬಳಿ, ಎಲ್ಲಾ ಹುಡುಕಿದರು. ಓಡುವ ಅವಸರದಲ್ಲಿ ಗಲ್ಲೆಯ ಪಕ್ಕದ ಕುರ್ಚಿ ಯಾರೂ ನೋಡಲಿಲ್ಲ. ಅಮ್ಮನವರು ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದರು. ಅಂಗಡಿಯವರೆಲ್ಲ ಯಾಕೆ ಒಮ್ಮೆಲೇ ಮೇಲೆ ಓಡಿದರು ಎಂದು ಅವರಿಗೇ ಗಾಬರಿ.

ನಡೆದದ್ದು ಇಷ್ಟು. ಪೂಜೆಗೆಂದು ಎಲ್ಲಾ ಮಹಡಿಯ ಡಬ್ಬಿಗಳನ್ನೂ ಬಿಚ್ಚಿ, ಒರೆಸಿ, ವಿಭೂತಿ ಹಚ್ಚಿ, ಚೆಂಡು ಹೂ ಏರಿಸಿ ಆರತಿ ಮಾಡಿದ್ದರು. ಪೂಜೆ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಸಿಕ್ಕಿದಲ್ಲಿ ಹಚ್ಚಿದ್ದರು. ಮೂರನೇ ಮಹಡಿಯ ಹೆಸರಿನ ಡಬ್ಬಿ ಈಗ ಕೆಳಗೆ ಗಲ್ಲೆಯ ಮೇಲಿನ ಛಾವಣಿಗೆ ಬಂದಿತ್ತು. "ಎಲ್ಲಾ ಒಂದ ಥರಾ ಅದಾವಲ್ರಿ, ಯಾವ್ದು ಎಲ್ಲಿದ್ರೇನು?" ಎಂದು ಮಾಲೀಕರು ನನ್ನನ್ನೇ ಕೇಳಿದರು.

ಸಂಜೆ ಅಮ್ಮನವರೇ ಫೋನ್ ಮಾಡಿದರು. ಬೈಯುತ್ತಾರೆ ಎಂದುಕೊಂಡೆ. "ಯವ್ವಾ, ಈ ಮೊಣಕಾಲಿಗೆ ಎಷ್ಟೋ ಡಾಕ್ಟರಗ ತೋರಿಸಿ ಆತು, ಒಬ್ಬರೂ ಒಂದ ಮೆಟ್ಲ ಹತ್ತಿಸಲಿಲ್ಲ. ನೀ ನೋಡು, ಹಾವೇರ್ಯಾಗ ಕುಂತು ಮೂರು ಮಹಡಿ ಹತ್ತಿಸಿದಿ!"

ಟವೆಲ್ಲಿನ ವಿದ್ಯೆ

ಈ ಸುದ್ದಿ ಬ್ಯಾಡಗಿಗೆ ನನಗಿಂತ ಮೊದಲೇ ಮುಟ್ಟಿತ್ತು. "ರಾಣೆಬೆನ್ನೂರಾಗ ಮುದುಕೀನ ಮಾಳಗಿ ಹತ್ತಿಸಿದಿಯಂತಲ್ಲ" ಎಂದು ಸಾಹುಕಾರರು ಫೋನಿನಲ್ಲೇ ಕೇಳಿದರು. ಹೊಸ ಕಾಯಿ ಪೇಟೆಗೆ ಬರಲು ಇನ್ನು ಹೆಚ್ಚು ದಿನ ಇರಲಿಲ್ಲ. ಮೈದುನ ಝೆರಾಕ್ಸ್ ಅಂಗಡಿಯಲ್ಲಿ ನನಗಾಗಿ ಹೊಸ ಕುರ್ಚಿ ತಂದಿಟ್ಟಿದ್ದ. ಆ ಕುರ್ಚಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಿಂತೆಯಲ್ಲೇ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬ್ಯಾಡಗಿ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ದಪ್ಪ ಮೀಸೆಯ ಒಬ್ಬ ಗೌಡರು ಮಾತ್ರ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದು, ನೂಕುನುಗ್ಗಲು ಮುಗಿಯಲಿ ಎಂದು ಆರಾಮವಾಗಿ ಚಹಾ ಕುಡಿಯಲು ಹೋದರು. ಅವರು ಬಂದು ನೋಡುವಷ್ಟರಲ್ಲಿ ಆ ಸೀಟಿನಲ್ಲಿ ಗುತ್ತಲದ ಕಡೆಯ ಒಬ್ಬ ಅಜ್ಜಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯವ್ವಾ, ಏಳು. ಅಲ್ಲಿ ನನ್ನ ಟವೆಲ್ ಹಾಕಿದ್ದೆ."

"ಹಾಕಿದ್ದಿ ಹೌದಪಾ. ಎಲ್ಲೂ ಹೋಗಿಲ್ಲ, ನನ್ನ ಕೆಳಗ ಬೆಚ್ಚಗ ಐತಿ."

ಬಸ್ಸೆಲ್ಲ ನಕ್ಕಿತು. ನಾನೂ ನಗುತ್ತಾ ಇದ್ದವಳು ಒಮ್ಮೆಲೇ ನಿಲ್ಲಿಸಿದೆ. ಅಜ್ಜಿಯನ್ನು ಬಿಟ್ಟರೆ ಗೌಡರ ಲೆಕ್ಕಾಚಾರ ಸರಿಯಾಗೇ ಇತ್ತು. ಹತ್ತುವ ಮೊದಲೇ ಸೀಟು ಕಾಯ್ದಿರಿಸಿದರೆ ಬಾಗಿಲಲ್ಲಿ ಗುದ್ದಾಡಬೇಕಾಗಿಲ್ಲ. ನನ್ನ ಡಬ್ಬಿಗಳಲ್ಲೂ ಅಂಥ ಒಂದು ಸೌಲಭ್ಯ ಇದೆ. ಅದನ್ನು ಚಾಲೂ ಮಾಡಿದರೆ, ಒಂದು ಡಬ್ಬಿಗೆ ಪರಿಚಯವಾದ ಫೋನಿನ ಗುರುತು ಉಳಿದ ಡಬ್ಬಿಗಳಿಗೂ ಮೊದಲೇ ಮುಟ್ಟಿರುತ್ತದೆ. ಮುಂದಿನ ಡಬ್ಬಿ "ಯಾರು ನೀವು" ಎಂದು ಮೊದಲಿನಿಂದ ಕೇಳುವುದಿಲ್ಲ. ಹಳೆಯ ಕಾಲದ ಕೆಲವು ಯಂತ್ರಗಳಿಗೆ ಅದು ಒಗ್ಗುವುದಿಲ್ಲ ಎಂದು ನಾನೇ ಹೆದರಿ ಅದನ್ನು ಬಂದ್ ಮಾಡಿಟ್ಟಿದ್ದೆ.

ಬ್ಯಾಡಗಿ ಮುಟ್ಟಿದ ಕೂಡಲೇ ಚಾಲೂ ಮಾಡಿದೆ. ಅತ್ತೆಗೆ ಕಾಲ್ ಹಚ್ಚಿ ಹಾದಿಗೆ ಇಳಿದೆ. ಅವರು ಪಕ್ಕದ ಮನೆಯವರ ಜಗಳದಿಂದ ಶುರು ಮಾಡಿ, ಹಿತ್ತಲು ಬರುವಷ್ಟರಲ್ಲಿ ಅದರ ಪಂಚಾಯಿತಿಯನ್ನೂ ಮುಗಿಸಿದರು. ಒಂದು ಅಕ್ಷರ ತಪ್ಪಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಅಂಗಡಿಯಿಂದ ಸಾಹುಕಾರರ ಕೂಗು ಕೇಳಿತು. ಬಿಲ್ ಹೊಡೆಯುವ ಹಳೆಯ ಪ್ರಿಂಟರ್ ಮಾತು ನಿಲ್ಲಿಸಿತ್ತು.

"ಇದು ಹಳೇದ್ರಿ, ಹೊಸಾ ಪದ್ಧತಿ ಇದಕ್ಕ ತಿಳೀದಿಲ್ಲ" ಎಂದು ಟವೆಲ್ಲಿನ ಕಥೆಯನ್ನೇ ಬಿಡಿಸಿ ಹೇಳಿದೆ.

ಸಾಹುಕಾರರು ಪ್ರಿಂಟರನ್ನು ಮೇಲೆ ಕೆಳಗೆ ನೋಡಿದರು. "ತಂಗಿ, ಇದು ಕೊಂಡು ತಂದಾಗಿಂದ ಈ ಟೇಬಲ್ ಬಿಟ್ಟು ಇಳದಿಲ್ಲ. ಇದಕ್ಯಾಕ ಟವೆಲ್ ಕೊಟ್ಟಿ?"

ತಗಡಿನ ಹಾದಿಯಲ್ಲಿ

ಪ್ರಿಂಟರಿಗೆ ಬೇರೆ ಹೆಸರಿನ ವೈಫೈ ಮಾಡಿ ಕೊಟ್ಟೆ, ಅದು ಸರಿಹೋಯಿತು. ಆದರೂ ಸಾಹುಕಾರರು ನಂಬಲಿಲ್ಲ. "ನಿನ್ನ ಫೋನು ನಿನ್ನ ಮಾತ ಕೇಳತೈತಿ. ಐತವಾರ ಗದಗಿನವರ ಕಾಲ್ ಐತಿ. ಅವತ್ತ ನನ್ನ ಫೋನಿನ್ಯಾಗ ಕಟ್ ಆಗಬಾರದು. ಆತಂದ್ರ, ಸಂಜಿಗೆ ಡಬ್ಬಿ ಎಲ್ಲಾ ಗಂಟಕಟ್ಕೊಂಡ ಹೋಗು."

ಗದಗಿನವರು ಎಂದರೆ ಸಾಹುಕಾರರ ಮಗಳನ್ನು ನೋಡಿ ಹೋದವರು. ಅವರದೂ ವ್ಯಾಪಾರದ ಮನೆ. ಹುಡುಗ ಹುಡುಗಿ ಒಪ್ಪಿದ್ದರು. ಮುಂದಿನ ಮಾತುಕತೆ ಐತವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ನಡೆಯುತ್ತಿತ್ತು. ಸಾಹುಕಾರರ ಮಗಳು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ಚುರುಕು ಹುಡುಗಿ. ಚಹಾ ತಂದು ಕೊಟ್ಟು ನನ್ನ ಬಳಿಯೇ ಕೂತು ಗೋಳು ಹೇಳಿಕೊಂಡಳು.

"ಅಕ್ಕಾರ, ಇಷ್ಟ ಸಲ ಮಾತಾಡಿದ್ರೂ ಎರಡೂ ಮನಿಯವ್ರು ಒಂದ ಖರೇ ಮಾತ ಆಡಿಲ್ರಿ. ಬರೇ ಊಟ ಆತೇನು, ಮಳಿ ಹ್ಯಾಂಗೈತಿ, ರೇಟ್ ಎಷ್ಟೈತಿ. ಮನಸಿನಾಗಿಂದು ಇಟ್ಕೊಂಡ ಕುಂತ್ರ ಮದುವಿ ಆದ ಮ್ಯಾಲೆ ನಾವಿಬ್ರು ಅನುಭವಿಸಬೇಕು."

ಆ ಮನೆಯಲ್ಲಿ ಇನ್ನೊಂದು ರೂಢಿ ಬೆಳೆದಿತ್ತು. ತಗಡಿನ ಹಾದಿಯಲ್ಲಿ ಕಾಲ್ ತಪ್ಪದೇ ಕಟ್ ಆಗುತ್ತಿತ್ತಲ್ಲ, ಸಾಹುಕಾರರೂ ಅವರ ಹೆಂಡತಿಯೂ ಅದನ್ನು ಉಪಯೋಗಕ್ಕೆ ಹಾಕಿಕೊಂಡಿದ್ದರು. ಹಾದಿಯಲ್ಲಿ ಕಾಲಿಟ್ಟ ಕೂಡಲೇ ಫೋನು ಕೆಳಗಿಳಿಸಿ, ಅಲ್ಲಿಯವರೆಗೆ ನುಂಗಿಕೊಂಡಿದ್ದನ್ನೆಲ್ಲ ಇಬ್ಬರೂ ಹೇಳಿ ಮುಗಿಸುವುದು. ಹಾದಿ ದಾಟಿದ ಮೇಲೆ ಮತ್ತೆ ನಗುಮುಖ ಮಾಡಿ ಕಾಲ್ ಹಚ್ಚಿ, "ನಮ್ಮ ಕಡೆ ನೆಟ್ ಹಿಂಗ ನೋಡ್ರಿ" ಎನ್ನುವುದು. ಗದಗಿನವರೂ ಕಡಿಮೆಯಿರಲಿಲ್ಲ. ಪರದೆಯ ಮೇಲೆ ತಗಡು ಕಂಡಿತೆಂದರೆ ಕಟ್ ಆಯಿತೆಂದೇ ಲೆಕ್ಕ ಹಾಕಿ ಅವರೂ ತಮ್ಮ ಮನೆಯ ಮಾತು ಶುರು ಮಾಡುತ್ತಿದ್ದರು. ಇದ್ಯಾವುದೂ ನನಗೆ ಅಂದು ಗೊತ್ತಿರಲಿಲ್ಲ.

ಐತವಾರ ಸಾಹುಕಾರರು ಇಸ್ತ್ರಿ ಅಂಗಿ ಹಾಕಿ ಗಾದಿಯ ಮೇಲೆ ಕೂತರು. ಪಕ್ಕದಲ್ಲಿ ಹೆಂಡತಿ, ಬಾಗಿಲ ಬಳಿ ಮಗಳು, ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ನಾನು. ಕಾಲ್ ಬಂತು. ಪರದೆಯಲ್ಲಿ ಹುಡುಗನ ತಂದೆ, ತಾಯಿ, ನಡುವೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಹುಡುಗ.

"ಊಟ ಆತೇನ್ರಿ?"

"ಆತ್ರಿ. ನಿಮ್ದು?"

"ಆತ್ರಿ. ಥಂಡಿ ಶುರು ಆತಲ್ರಿ."

"ಹೌದ್ರಿ. ಕಾಯಿ ರೇಟ್ ಏನೈತ್ರಿ?"

ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೆ ಹುಡುಗನ ತಾಯಿ, "ದೇವರ ಮನಿ ತೋರಸ್ತೇವಿ ಅಂದಿದ್ರಲ್ರಿ" ಎಂದರು. ಸಾಹುಕಾರರು ಕಾಯುತ್ತಿದ್ದವರಂತೆ ಎದ್ದರು. ಫೋನು ಮುಂದೆ ಹಿಡಿದು ಹೊರಟರು, ಹಿಂದೆ ಹೆಂಡತಿ. ಇಬ್ಬರೂ ಹಾದಿಗೆ ಇಳಿದರು.

ನಾನು ನನ್ನ ಲ್ಯಾಪ್‌ಟಾಪಿನ ಪರದೆ ನೋಡುತ್ತಿದ್ದೆ. ಸಾಹುಕಾರರ ಫೋನು ಅಂಗಡಿಯ ಡಬ್ಬಿಯಲ್ಲಿ ಇತ್ತು. ಕಣ್ಣು ಮಿಟುಕಿಸಿದೆ, ಮನೆಯ ಡಬ್ಬಿಯಲ್ಲಿ ಇತ್ತು. ನಡುವೆ ಒಂದು ಚೂರೂ ಕಟ್ ಇಲ್ಲ. ಗೆದ್ದೆ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಾದಿಯಿಂದ, ತಾವೇ ಇಟ್ಟ ಪರೀಕ್ಷೆಯನ್ನು ರೂಢಿಯ ಬಲದಲ್ಲಿ ಮರೆತ ಸಾಹುಕಾರರ ಧ್ವನಿ ಬಂತು.

"ಹಾಂ, ಕಟ್ ಆತು. ಎಂಥಾ ಮಂದಿ ಇವ್ರು! ಬೀಗಸ್ತನಕ್ಕ ಬಂದಾರೋ ಕಾಯಿ ಖರೀದಿಗೆ ಬಂದಾರೋ? ಬಾಯಿ ತಗದ್ರ ರೇಟ್, ರೇಟ್! ಆ ಹುಡುಗಗ ನಾಲಿಗಿ ಐತೋ ಇಲ್ಲೋ ಒಂದಿನ ಗೊತ್ತಾಗಲಿಲ್ಲ."

ಹೆಂಡತಿ ಸೇರಿಸಿದರು. "ಅವರವ್ವನ ನಗಿ ನೋಡೀರೇನು? ಕ್ಯಾಲೆಂಡರಿನ್ಯಾಗಿನ ನಗಿ. ಕುಂತಾಗಿಂದ ಏಳೂತನಕ ಒಂದ ಅಳತಿ."

ಅದೇ ಹೊತ್ತಿಗೆ, ತೊಡೆಯ ಪಕ್ಕ ಇಳಿಬಿಟ್ಟ ಫೋನಿನ ಸ್ಪೀಕರಿನಿಂದ ಗದಗ ಮಾತಾಡತೊಡಗಿತ್ತು, ಮೊದಲು ಹುಡುಗನ ತಂದೆ. "ತಗಡ ಬಂತು, ಕಟ್ ಆತ ನೋಡು. ಇವ್ರು ಹುಡುಗೀನ ಬಿಟ್ಟು ಉಳದದ್ದೆಲ್ಲಾ ತೋರಸ್ತಾರ. ಚೀಲಾ ನೋಡಿ ನೋಡಿ ಇಲ್ಲೇ ನನ್ನ ಕಣ್ಣ ಉರ್ಯಾಕತ್ತಾವ." ಹುಡುಗನ ತಾಯಿ ದನಿಗೂಡಿಸಿದರು. "ಆ ಮನಷ್ಯಾ ಒಂದ ಕಡೆ ನಿಂತ ಮಾತಾಡಿದ್ದ ನೋಡಿಲ್ರಿ. ಅವನ ಮಾರಿ ಯಾವುದು, ಮಾಳಗಿ ಯಾವುದು, ತಿಳೀವಲ್ದು."

ಎರಡು ಮನೆಯವರೂ ಒಟ್ಟಿಗೇ ಮಾತಾಡುತ್ತಿದ್ದರಿಂದ ಒಬ್ಬರ ಮಾತು ಒಬ್ಬರ ಕಿವಿಗೆ ಬಿದ್ದರೂ ಇನ್ನೂ ತಲೆಗೆ ಹತ್ತಿರಲಿಲ್ಲ. ಮೂಲೆಯಲ್ಲಿದ್ದ ನನಗೆ ಎರಡೂ ಕೇಳುತ್ತಿತ್ತು. ನನ್ನ ಪರದೆಯ ಮೇಲೆ ಮನೆಯ ಡಬ್ಬಿಯನ್ನು ಬಂದ್ ಮಾಡುವ ಗುಂಡಿ ಇತ್ತು. ಒಂದು ಸಲ ಒತ್ತಿದರೆ ಕಾಲ್ ಸಾಯುತ್ತದೆ, ಎರಡು ಮನೆಯ ಮಾನ ಉಳಿಯುತ್ತದೆ. ಒತ್ತಿದರೆ ಸಾಹುಕಾರರ ಲೆಕ್ಕದಲ್ಲಿ ಕಟ್ ಆದಂತೆ, ನಾಳೆಯಿಂದ ನಾನು ಆ ಹೊಸ ಕುರ್ಚಿಯಲ್ಲಿ. ಬಾಗಿಲ ಬಳಿ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನತ್ತ ನೋಡಿ, ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು. ಅವಳು ಅಲ್ಲಾಡಿಸದಿದ್ದರೂ ನಾನು ಒತ್ತುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅವರ ಮಾನಕ್ಕಿಂತ ನನಗೆ ನನ್ನ ಡಬ್ಬಿಯೇ ಹೆಚ್ಚಾಯಿತು. ಬೆರಳು ತೆಗೆದೆ.

ಎರಡೂ ಮನೆಯವರಿಗೆ ಒಮ್ಮೆಲೇ ಉಸಿರು ತೆಗೆದುಕೊಳ್ಳಬೇಕಾಯಿತು. ಹಾದಿ ನಿಶ್ಶಬ್ದವಾಯಿತು. ಆಗ ಫೋನಿನೊಳಗಿಂದ, ಅಲ್ಲಿಯವರೆಗೆ ಯಾರೂ ಕೇಳಿರದ ಒಂದು ಹೊಸ ಧ್ವನಿ ಬಂತು. ಅದು ಹುಡುಗನದು.

"ಮಾವಾರ, ಕಾಲ್ ಕಟ್ ಆಗಿಲ್ರಿ."

ಸಾಹುಕಾರರು ಮೆಲ್ಲಗೆ ಫೋನು ಮೇಲೆತ್ತಿದರು. ಮೊದಲ ಸಲ ಅವರ ಕಾಲು ನಿಂತಿತ್ತು. ಆ ಕಡೆ ಗದಗಿನ ಗಂಡ ಹೆಂಡತಿಯ ಬಾಯಿ ತೆರೆದೇ ಇತ್ತು. ಕೊನೆಗೆ ಹುಡುಗನ ತಾಯಿಯೇ ಕೇಳಿದರು. "ನನ್ನ ನಗಿ ಕ್ಯಾಲೆಂಡರಿನ್ಯಾಗಿಂದು ಅಂದ್ರಲ್ಲ... ಯಾವ ಕ್ಯಾಲೆಂಡರ್ರಿ?"

ಸಾಹುಕಾರರ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು, "ಲಕ್ಷ್ಮೀದು ರೀ!" ಎಂದರು.

ಮೊದಲು ನಕ್ಕವಳು ಮಗಳು. ಆಮೇಲೆ ಹುಡುಗ. ಆಮೇಲೆ ಯಾರು ನಗುತ್ತಿದ್ದಾರೆ, ಯಾರು ಸೀನುತ್ತಿದ್ದಾರೆ ತಿಳಿಯಲಿಲ್ಲ. ನಕ್ಕು ಕಣ್ಣು ಒರೆಸಿಕೊಂಡ ಮೇಲೆ ಸಾಹುಕಾರರು ಅಲ್ಲೇ ಒಂದು ಚೀಲದ ಮೇಲೆ ಕೂತರು. ರೇಟು, ಥಂಡಿ ಎಲ್ಲ ಬಿಟ್ಟು ಎರಡು ಮನೆಯವರೂ ತಮಗೇನು ಬೇಕು, ಏನು ಬೇಡ ಎಂದು ಬಿಚ್ಚಿ ಹೇಳಿಕೊಂಡರು. ನಡುವೆ ಮಗಳು ಫೋನು ಕಸಿದುಕೊಂಡು ತನ್ನ ಮಾತೂ ಹೇಳಿದಳು. ಸಂಜೆಯೊಳಗೆ ಮದುವೆ ಗಟ್ಟಿಯಾಯಿತು.

ಹೊರಡುವಾಗ ಸಾಹುಕಾರರು ನನ್ನನ್ನು ಹಾದಿಗೆ ಕರೆದರು. "ತಂಗಿ, ನೀ ಗೆದ್ದಿ. ಒಂದ ಡಬ್ಬೀನೂ ಇಳಸಬ್ಯಾಡ. ಈ ಪೇಟ್ಯಾಗ ಯಾರ ಕೇಳಿದ್ರೂ ನಿನ್ನ ಹೆಸರ ಹೇಳ್ತೇನಿ." ನನಗೆ ಕಣ್ಣು ತುಂಬಿ ಬಂತು, ಮೆಣಸಿನಕಾಯಿಯ ಪಾಲೂ ಅದರಲ್ಲಿ ಇತ್ತು. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಆದ್ರ ಈ ಹಾದ್ಯಾಗ ಮೊದಲಿನಂಗ ಕಟ್ ಆಗೂಹಂಗ ಮಾಡಿ ಹೋಗು. ಇನ್ನ ಅವ್ರು ಬೀಗರಾದ್ರಲ್ಲ, ಮನಸಿಗೆ ಬಂದದ್ದು ಮಾತಾಡಾಕ ನಮಗೂ ಒಂದ ಜಾಗಾ ಬೇಕೋ ಬ್ಯಾಡೋ?"

ತಿಂಗಳುಗಟ್ಟಲೆ ಒದ್ದಾಡಿ ಸರಿ ಮಾಡಿದ್ದನ್ನು ಕೈಯಾರೆ ಕೆಡಿಸಲು ಮನಸ್ಸು ಬರಲಿಲ್ಲ. ಏನೋ ನೆಪ ಹೇಳಿ ಬಸ್ಸು ಹತ್ತಿದೆ. ಇನ್ನೂ ಹಾವೇರಿ ಮುಟ್ಟಿರಲಿಲ್ಲ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗದಗಿನ ಬೀಗತಿ. ಧ್ವನಿ ಪಿಸುಗುಟ್ಟುವಂತಿತ್ತು.

"ಅಕ್ಕಾರ, ನಿಮ್ಮ ನಂಬರ್ ನಮ್ಮ ಸೊಸಿ ಕೊಟ್ಲರಿ. ನಮ್ಮ ಮನ್ಯಾಗ ನೆಟ್ ಭಾಳ ಛಲೋ ಐತ್ರಿ, ಅಟ್ಟ ಹತ್ತಿದ್ರೂ ಕಟ್ ಆಗಂಗಿಲ್ಲ. ಅದ ತ್ರಾಸ ಆಗೈತಿ. ಬ್ಯಾಡಗಿಯವ್ರು ಇನ್ನ ದಿನಾ ಫೋನ್ ಮಾಡ್ತಾರ. ಲಗೂನ ಬಂದು, ನಮ್ಮ ಅಡಗಿ ಮನ್ಯಾಗ ನಾಕ ಹೆಜ್ಜಿ ಜಾಗಾ ಕಟ್ ಆಗೂಹಂಗ ಮಾಡಿ ಕೊಡ್ತೀರೇನ್ರಿ?"